ಬೆಳೆಯೋ ಹುಡುಗಿಯ ಅಂಕ

ಮಕ್ಕಳ ಬಟ್ಟೆಯನ್ನು ಮಕ್ಕಳ ಅಳತೆಗೇ ಹೊಲಿಯಬಾರದು ಎಂಬುದು ಕಡ್ಡಿಯ ಅಮ್ಮನ ಸಿದ್ಧಾಂತ. ಇವತ್ತಿನ ಮೈಗೆ ಹೊಲಿದರೆ ಮುಂದಿನ ವರ್ಷ ಅದನ್ನು ಯಾರ ಮೈಗೆ ಹಾಕುವುದು? ಹಾಗಾಗಿ ಅವಳು ತೋಳನ್ನು ಒಂದಿಷ್ಟು ಉದ್ದ ಬಿಟ್ಟು, ಸೊಂಟವನ್ನು ಒಂದಿಷ್ಟು ಸಡಿಲ ಬಿಟ್ಟು, ಸಾಲದ್ದಕ್ಕೆ ಒಳಗೂ ಎರಡು ಬೆರಳು ಬಟ್ಟೆ ಮಡಚಿ ಹೊಲಿಯುತ್ತಿದ್ದಳು. ಅದಕ್ಕೆ ಅವಳ ಬಾಯಲ್ಲಿ ಮಾರ್ಜಿನ್ ಎಂದು ಹೆಸರು. ಅವಳು ಹೊಲಿದ ಯೂನಿಫಾರ್ಮ್ ತೊಟ್ಟ ಮಕ್ಕಳು ಮೊದಲ ವರ್ಷ ಕೈಬೆರಳು ಕಾಣಿಸದಂತೆ ಶಾಲೆಗೆ ಹೋಗುತ್ತಿದ್ದರು, ಎರಡನೇ ವರ್ಷ ನೆಟ್ಟಗೆ ಕಾಣುತ್ತಿದ್ದರು. ತಾಯಂದಿರಿಗೆ ಇನ್ನೇನು ಬೇಕು? ಮನೆಯ ಮುಂದಿನ ಕೋಣೆಯಲ್ಲೇ ಇದ್ದ ಅವಳ ಹೊಲಿಗೆ ಅಂಗಡಿಗೆ ಗಿರಾಕಿಗಳು ತಪ್ಪಿದ್ದೇ ಇಲ್ಲ.

ಅವಳ ಲೆಕ್ಕ ತಪ್ಪಿದ್ದು ಸ್ವಂತ ಮಗಳ ವಿಷಯದಲ್ಲಿ. ಹದಿನಾಲ್ಕಕ್ಕೆ ಎಷ್ಟಿದ್ದಳೋ ಹದಿನೇಳಕ್ಕೂ ಹುಡುಗಿ ಅಷ್ಟೇ ಇದ್ದಳು. ಮನೆಯಲ್ಲೂ ಬೀದಿಯಲ್ಲೂ ಎಲ್ಲರೂ ಕಡ್ಡಿ ಎಂದೇ ಕರೆಯುತ್ತಿದ್ದರು. ಅಮ್ಮ ಆಸೆಪಟ್ಟು ಹೊಲಿದ ಕಪ್ಪು ಕೋಟೊಂದು, ಇವಳು ಯಾವಾಗ ಬೆಳೆಯುತ್ತಾಳೋ ಎಂದು ಬೀರುವಿನಲ್ಲಿ ಕಾಯುತ್ತಾ ನೇತಾಡುತ್ತಿತ್ತು.

ಪ್ರವೇಶ ಪರೀಕ್ಷೆಯ ಫಲಿತಾಂಶ ಬಂದ ದಿನ ಊಟಕ್ಕೆ ಬೇಯಿಸಿದ ಆಲೂಗಡ್ಡೆ, ಮೊಟ್ಟೆ ಮತ್ತು ಬ್ರೆಡ್ಡು. ಅಪ್ಪ ಬೇಕರಿಯ ವ್ಯಾನ್ ಓಡಿಸುತ್ತಿದ್ದ. ಆ ಮನೆಯಲ್ಲಿ ಯಾವುದಕ್ಕೆ ಬರ ಬಂದರೂ ಬ್ರೆಡ್ಡಿಗೆ ಬಂದಿರಲಿಲ್ಲ.

“ಮುನ್ನೂರ ಹನ್ನೆರಡು,” ಎಂದಳು ಕಡ್ಡಿ, ತಟ್ಟೆ ನೋಡುತ್ತಾ.

“ಎಷ್ಟಕ್ಕೆ?” ಎಂದಳು ಅಜ್ಜಿ. ಅಪ್ಪನ ತಾಯಿ ಅವಳು. ಅಡುಗೆಮನೆಯ ಯಜಮಾನಿಕೆ ಇನ್ನೂ ಅವಳದೇ.

“ನಾನೂರಕ್ಕೆ.”

“ಉಳಿದಿದ್ದೆಲ್ಲ ಏನಾಯ್ತು?”

“ದಾರೀಲಿ ಬಿದ್ದೋಯ್ತಜ್ಜಿ.”

“ಚೀಲ ತೂತಾಗಿದ್ದಿರಬೇಕು,” ಎಂದು ಅಜ್ಜಿ ಅವಳ ತಟ್ಟೆಗೆ ಇನ್ನೊಂದು ಮೊಟ್ಟೆ ಹಾಕಿದಳು.

ಅಪ್ಪ ನಕ್ಕ. “ಮುನ್ನೂರ ಹನ್ನೆರಡು ಅಂದ್ರೆ ಕಮ್ಮೀನಾ? ನಾನು ಜೀವಮಾನದ ಅಂಕ ಎಲ್ಲ ಕೂಡಿಸಿದ್ರೂ ಅಷ್ಟಾಗಲ್ಲ.”

“ಕಮ್ಮಿ ಅಲ್ಲಪ್ಪ. ಆದ್ರೆ ಆ ಕಾಲೇಜಿಗೆ ಸಾಲಲ್ಲ. ಹೋದ ವರ್ಷ ಮುನ್ನೂರ ಮೂವತ್ತರ ಮೇಲಿದ್ದೋರಿಗೇ ಸಿಕ್ಕಿದ್ದು.”

ಆ ಕಾಲೇಜು ಎಂದರೆ ಕಟ್ಟಡಗಳ ನಕ್ಷೆ ಬರೆಯುವುದನ್ನು ಕಲಿಸುವ ಕಾಲೇಜು. ಅಮ್ಮನ ಕತ್ತರಿ ಮೇಜಿನ ಕೆಳಗೆ, ಬಟ್ಟೆಯ ಅಚ್ಚು ಕತ್ತರಿಸಿ ಉಳಿದ ಕಂದು ಕಾಗದದ ಮೇಲೆ ಬಾಗಿಲು, ಕಿಟಕಿ, ಮೆಟ್ಟಿಲು ಬರೆಯುತ್ತಾ ಬೆಳೆದ ಹುಡುಗಿ ಕಡ್ಡಿ. ಅವಳಿಗೆ ಬೇಕಾಗಿದ್ದು ಅದೊಂದೇ.

“ಇನ್ನೊಂದ್ಸಲ ಬರೀಬಹುದಲ್ಲ?” ಎಂದಳು ಅಮ್ಮ.

“ಮುಂದಿನ ತಿಂಗಳು ಬರೀತೀನಿ. ಎರಡರಲ್ಲಿ ಜಾಸ್ತಿ ಯಾವ್ದೋ ಅದನ್ನ ಅರ್ಜೀಲಿ ಹಾಕೋದು.”

“ಮತ್ತೇನು? ಬಂದೇ ಬರುತ್ತೆ,” ಎಂದು ಅಮ್ಮ ತಟ್ಟೆ ಎತ್ತಿದಳು. ಅವಳ ಮಟ್ಟಿಗೆ ಅದು ಆಗಲೇ ಬಂದಂತೆ.

ಆ ವಾರ ಶಾಲೆಯ ಮೇಡಂ ಅಂಗಡಿಗೆ ಬಂದರು. ಕಡ್ಡಿಗೆ ಗಣಿತ ಹೇಳಿಕೊಟ್ಟವರು, ಕಾಲೇಜಿಗೆ ಶಿಫಾರಸು ಪತ್ರ ಬರೆಯಬೇಕಾದವರೂ ಅವರೇ. ಜಾಕೆಟ್ಟಿನ ಭುಜ ಸರಿಮಾಡಿಸಿಕೊಳ್ಳಲು ಕನ್ನಡಿಯ ಮುಂದೆ ನಿಂತಿದ್ದರು. ಸ್ಕರ್ಟಿಗೆಂದು ಬೂದು ಬಣ್ಣದ ಒಳ್ಳೇ ಬಟ್ಟೆಯನ್ನೂ ತಂದುಕೊಟ್ಟಿದ್ದರು. ಅಮ್ಮನ ಬಾಯಲ್ಲಿ ಗುಂಡುಸೂಜಿಗಳು.

“ಡಾಕ್ಟರ ಮಗ ಮುನ್ನೂರ ಮೂವತ್ತಾರಂತೆ,” ಎಂದರು ಮೇಡಂ. “ನಿಮ್ಮ ಮಗಳದು ಎಷ್ಟಾಯ್ತು? ನನ್ನ ಹತ್ರ ಇನ್ನೂ ಬಂದು ಹೇಳಿಲ್ಲ ಅವಳು.”

ಆ ಡಾಕ್ಟರ ಮಗನ ಚಿಕ್ಕಂದಿನ ಚಡ್ಡಿ, ಅಂಗಿಗಳನ್ನೆಲ್ಲ ಹೊಲಿದವಳು ಅಮ್ಮ. ಹುಡುಗ ಬಲಗೈಯನ್ನು ಅಂಗಿಯ ಎಡ ತೋಳಿಗೆ ತೂರಿಸಿಕೊಂಡು ಒದ್ದಾಡುತ್ತಿದ್ದದ್ದು ಅವಳ ಕಣ್ಣಿಗೆ ಕಟ್ಟಿದಂತಿತ್ತು. ಅವಳು ಬಾಯಿಂದ ಗುಂಡುಸೂಜಿಗಳನ್ನು ತೆಗೆದಳು.

“ಮುನ್ನೂರ ನಲವತ್ತು.”

“ಹೌದಾ!” ಮೇಡಂ ಕನ್ನಡಿಯಿಂದ ತಿರುಗಿಯೇಬಿಟ್ಟರು. “ನಾನು ಅಂದ್ಕೊಂಡಿದ್ದೆ ಕಣ್ರೀ. ಹುಡುಗಿ ಕೈಲಾಗುತ್ತೆ ಅಂತ ಗೊತ್ತಿತ್ತು.”

“ಅಲ್ಲಾಡ್ಬೇಡಿ ಮೇಡಂ, ಚುಚ್ಚುತ್ತೆ,” ಎಂದಳು ಅಮ್ಮ. ಅವಳ ಮುಖ ಬಿಸಿಯಾಗಿತ್ತು. ಆದರೂ ಒಂದು ಕ್ಷಣ ಎಷ್ಟು ಖುಷಿಯಾಯಿತೆಂದರೆ, ಹೇಳಿದ್ದು ಸುಳ್ಳೆಂಬುದೇ ಅವಳಿಗೆ ಮರೆತುಹೋಯಿತು.

ಸುದ್ದಿ ಬೇಕರಿಗೆ ಮುಟ್ಟಲು ಒಂದು ದಿನ ಸಾಕಾಯಿತು. ಮರುದಿನ ಸಂಜೆ ಅಪ್ಪ ದೊಡ್ಡ ಕೇಕಿನ ಡಬ್ಬ ಹಿಡಿದು ಒಳಗೆ ಬಂದ.

“ಒಲೆ ಮುಂದೆ ಕೆಲಸ ಮಾಡೋ ಹುಡುಗರೆಲ್ಲ ಸೇರಿ ಕೊಟ್ರು. ಮುನ್ನೂರ ನಲವತ್ತಕ್ಕೆ ಅಂತೆ. ಯಾರದು ಮುನ್ನೂರ ನಲವತ್ತು?”

ಕಡ್ಡಿ ಅಮ್ಮನ ಕಡೆ ನೋಡಿದಳು. ಅಮ್ಮ ಹೊಲಿಗೆ ಯಂತ್ರದ ಸೂಜಿಗೆ ದಾರ ಪೋಣಿಸುತ್ತಿದ್ದಳು. ಆಗಲೇ ಪೋಣಿಸಿದ್ದ ದಾರವನ್ನು ಎಳೆದು ತೆಗೆದು ಮತ್ತೆ ಪೋಣಿಸುತ್ತಿದ್ದಳು.

“ಅಮ್ಮ, ಯಾರ ಹತ್ರ ಹೇಳ್ದೆ?”

“ನಿಮ್ಮ ಮೇಡಂ ಕೇಳಿದ್ರು. ಬಾಯಿಗೆ ಬಂತು, ಹೇಳ್ದೆ.”

“ಮುನ್ನೂರ ಹನ್ನೆರಡು ಬಾಯಿಗೆ ಬರ್ಲಿಲ್ವಾ?”

“ಇನ್ನೊಂದ್ಸಲ ಬರೀತೀಯಲ್ಲೇ! ಅಷ್ಟೊತ್ತಿಗೆ ಬರೋದನ್ನೇ ಹೇಳಿದೀನಿ. ಬೆಳೆಯೋ ಮಗೂಗೆ ಒಂದಿಷ್ಟು ಬಿಟ್ಟು ಹೇಳ್ಬಾರ್ದಾ?”

“ಅಂಕಕ್ಕೂ ಮಾರ್ಜಿನ್ ಬಿಟ್ಟಿದೀಯಾ?” ಎಂದ ಅಪ್ಪ. ನಗು ತಡೆಯಲಾಗದೆ ಡಬ್ಬವನ್ನು ಮೇಜಿನ ಮೇಲಿಟ್ಟ. ಕಡ್ಡಿಗೂ ನಗು ಬಂತು, ಆಮೇಲೆ ಸಿಟ್ಟು ಬಂತು.

“ನಗ್ಬೇಡಪ್ಪ. ಈಗ ನಾನು ಇಪ್ಪತ್ತೆಂಟು ಅಂಕ ಎಲ್ಲಿಂದ ತರ್ಲಿ?”

“ಓದಿ ತಾ,” ಎಂದಳು ಅಮ್ಮ.

“ಕೇಕು ತಿಂದು ಓದು,” ಎಂದಳು ಅಜ್ಜಿ. ಅವಳು ಆಗಲೇ ಚಾಕು ತಂದಿದ್ದಳು.

ಕೇಕು ಚೆನ್ನಾಗಿತ್ತು. ತಿನ್ನಬಾರದಿತ್ತು, ಆದರೆ ನಾಲ್ವರೂ ತಿಂದರು.

ಆ ತಿಂಗಳು ಕಡ್ಡಿಗೆ ಮನೆಗೆಲಸದಿಂದ ಬಿಡುಗಡೆ. ಪಾತ್ರೆ ಅಪ್ಪ ತೊಳೆದ. ಗುಂಡಿ ಹಚ್ಚುವುದು, ಕಾಜಾ ಹಾಕುವುದು ಅಜ್ಜಿಯ ಪಾಲಿಗೆ ಬಂತು. ಹುಡುಗಿ ಅಂಗಡಿಯಲ್ಲಿ ಕಾಣಿಸಿಕೊಂಡರೆ ಸಾಕು, ಬಂದ ಗಿರಾಕಿಗಳು “ಓ, ಮುನ್ನೂರ ನಲವತ್ತು!” ಎನ್ನುತ್ತಿದ್ದರು. ಅವಳು ಹಿಂದಿನ ಬಾಗಿಲಿನಿಂದ ಓಡಾಡಲು ಶುರುಮಾಡಿದಳು. ಅಮ್ಮ ಅದನ್ನು ನೋಡಿಯೂ ನೋಡದವಳಂತೆ ಯಂತ್ರ ತುಳಿಯುತ್ತಿದ್ದಳು.

ಎರಡನೇ ಫಲಿತಾಂಶ ಬಂತು. ಮುನ್ನೂರ ಹದಿನೆಂಟು.

“ಆರು ಜಾಸ್ತಿ ಆಯ್ತಲ್ಲ,” ಎಂದ ಅಪ್ಪ. ಅವತ್ತು ಅಜ್ಜಿ ಬೇಳೆಗೆ ಉಪ್ಪು ಹಾಕುವುದನ್ನು ಮರೆತಿದ್ದಳು, ಎಲ್ಲರೂ ಹಾಗೆಯೇ ಉಂಡು ಎದ್ದರು.

ತಟ್ಟೆ ತೊಳೆಯುವ ಹೊತ್ತಿಗೆ ಮೇಡಂ ಫೋನ್ ಮಾಡಿದರು. ಅಮ್ಮ ಒದ್ದೆ ಕೈಯಲ್ಲೇ ಎತ್ತಿಕೊಂಡಳು. ಶಿಫಾರಸು ಪತ್ರ ಕಾಲೇಜಿಗೆ ಕಳಿಸಿಯಾಯಿತು ಎಂದರು ಮೇಡಂ. ಮುನ್ನೂರ ನಲವತ್ತು ಬಂದಿದೆ ಎಂದು ಒತ್ತಿ ಬರೆದಿದ್ದೇನೆ, ಇನ್ನು ಚಿಂತೆಯಿಲ್ಲ ಎಂದರು.

“ತುಂಬಾ ಉಪಕಾರವಾಯ್ತು ಮೇಡಂ,” ಎಂದಳು ಅಮ್ಮ. ಫೋನ್ ಇಟ್ಟು ಅಲ್ಲೇ ಸ್ಟೂಲಿನ ಮೇಲೆ ಕೂತಳು.

“ಏನಂತೆ?” ಎಂದಳು ಕಡ್ಡಿ. ಅಮ್ಮ ಹೇಳಿದಳು. ಕಡ್ಡಿ ಬಾಗಿಲಿಗೆ ಒರಗಿ ನಿಂತು ಬಹಳ ಹೊತ್ತು ಉಗುರು ಕಚ್ಚಿದಳು.

ಭಾನುವಾರ ಅರ್ಜಿ ತುಂಬಲು ಎಲ್ಲರೂ ಊಟದ ಮೇಜಿನ ಸುತ್ತ ಸೇರಿದರು. ಬೇಕರಿಯ ಲೆಕ್ಕದವರ ಲ್ಯಾಪ್‌ಟಾಪನ್ನು ಅಪ್ಪ ಒಂದು ದಿನಕ್ಕೆಂದು ಕೇಳಿ ತಂದಿದ್ದ. ವಿಳಾಸ ಆಯಿತು, ಶಾಲೆ ಆಯಿತು, ಅಂಕದ ಜಾಗ ಬಂತು. ಅಲ್ಲಿ ಅಭ್ಯರ್ಥಿಯೇ ಅಂಕ ತುಂಬಬೇಕು. ಮೂಲ ಅಂಕಪಟ್ಟಿಯನ್ನು ಸೀಟು ಸಿಕ್ಕ ಮೇಲೆ, ಸೇರುವ ದಿನ ತೋರಿಸಿದರೆ ಸಾಕು.

ಕಡ್ಡಿ ಮೂರು ಅಂಕಿ ಒತ್ತಿದಳು. ಅಪ್ಪ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದ.

“ಏನಮ್ಮಾ ಇದು?”

“ಮುನ್ನೂರ ನಲವತ್ತು.”

“ಅದು ಕಾಣುತ್ತೆ. ಯಾಕೆ?”

“ಹದಿನೆಂಟು ಅಂತ ಬರೆದ್ರೆ ಮೇಡಂ ಪತ್ರ ಸುಳ್ಳಾಗುತ್ತೆ. ಪಕ್ಕಪಕ್ಕ ಇಟ್ಕೊಂಡು ಓದ್ತಾರೆ ಕಾಲೇಜಿನೋರು. ಯಾರದ್ದು ಸುಳ್ಳು ಅಂತ ಕೇಳ್ತಾರೆ.”

“ಸೇರೋ ದಿನ ಅಂಕಪಟ್ಟಿ ತೋರಿಸ್ಬೇಕಲ್ಲ, ಆಗ?”

“ಆಗಿಂದು ಆಗ ನೋಡ್ಕೊಳ್ಳೋಣ. ಎಷ್ಟೋ ಜನ ಹೀಗೇ ಮಾಡ್ತಾರಂತೆ. ಎಲ್ಲರದ್ದೂ ಯಾರೂ ಬಿಡಿಸಿ ನೋಡಲ್ವಂತೆ.”

“ಪೆಟ್ಟಿಗೆ ಹೊತ್ಕೊಂಡು ಹೋಗಿ, ಅದೇ ಪೆಟ್ಟಿಗೆ ಹೊತ್ಕೊಂಡು ವಾಪಸ್ ಬರ್ತೀಯಾ?”

“ಬರ್ಲಿ ಬಿಡೋ,” ಎಂದಳು ಅಜ್ಜಿ, ಬೀನ್ಸ್ ನಾರು ತೆಗೆಯುತ್ತಾ. “ಸಿಕ್ಕಿಬಿದ್ರೆ ಸಿಕ್ಕಿಬಿದ್ಲು. ಬರೀದಿದ್ರೆ ಇವತ್ತೇ ಹೋಯ್ತು. ಇವಳು ನಿಜ ಬರೆದ್ರೆ ಹೆತ್ತ ತಾಯಿ ಸುಳ್ಳುಗಾತಿ ಆಗ್ತಾಳೆ, ಪಾಠ ಹೇಳಿದೋಳು ಸುಳ್ಳುಗಾತಿ ಆಗ್ತಾಳೆ. ಇಬ್ರನ್ನ ಬೀದಿಗೆ ಹಾಕೋದಕ್ಕಿಂತ ಮೂರು ಅಂಕಿ ಒತ್ತೋದು ಮೇಲು.”

“ನೀನು ಸುಮ್ನಿರಮ್ಮ.”

“ಯಾಕ್ ಸುಮ್ನಿರ್ಬೇಕು? ಬೀನ್ಸ್ ಬಿಡಿಸಕ್ಕೆ ಮಾತ್ರ ಬೇಕಾ ನಾನು?”

ಅಪ್ಪ ಅತ್ತೆ-ಸೊಸೆಯರಿಬ್ಬರ ನಡುವೆ ಎಂದೂ ತಲೆಹಾಕದವನು, ಈಗ ಹೆಂಡತಿಯ ಕಡೆ ತಿರುಗಿದ. “ನೀನಾದ್ರೂ ಏನಾದ್ರೂ ಹೇಳೇ.”

ಅಮ್ಮ ಮೇಜಿನ ಮೇಲಿದ್ದ ಬೀನ್ಸ್ ನಾರನ್ನು ಒಟ್ಟುಮಾಡತೊಡಗಿದಳು. ಮಗಳು ತನ್ನ ಸುಳ್ಳನ್ನು ಮುಚ್ಚಲು ಹೊರಟಿದ್ದಾಳೆಂದು ಅವಳಿಗೆ ಗೊತ್ತಿತ್ತು. ಮುಚ್ಚಿಬಿಟ್ಟರೆ ಸಾಕಪ್ಪಾ ಎಂದೂ ಒಳಗೊಳಗೆ ಅನ್ನಿಸುತ್ತಿತ್ತು. ಹಾಗೆ ಅನ್ನಿಸಿದ್ದಕ್ಕೆ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

“ಫೋಟೋ ಬೇರೆ ಹಾಕ್ಬೇಕು,” ಎಂದಳು ಕಡ್ಡಿ, ಮಾತು ಬದಲಿಸಿ. “ಒಳ್ಳೇ ಬಟ್ಟೇಲಿ ಇರ್ಬೇಕಂತೆ.”

“ಕೋಟು ಇದೆಯಲ್ಲ,” ಎಂದಳು ಅಮ್ಮ. ಎದ್ದು ಹೋಗಲು ಒಂದು ನೆಪ ಸಿಕ್ಕಿತ್ತು ಅವಳಿಗೆ.

ಕಪ್ಪು ಕೋಟು ಬೀರುವಿನಿಂದ ಇಳಿಯಿತು. ಕಡ್ಡಿ ಅದರೊಳಗೆ ಕೈ ತೂರಿಸಿದಳು. ಕೈ ಹೊರಗೆ ಬರಲಿಲ್ಲ. ಕೋಟಿನ ಭುಜ ಅವಳ ತೋಳಿನ ಮೇಲೆ ಜಾರಿತು. ಅಪ್ಪ ಫೋನ್ ಎತ್ತಿ ಹಿಡಿದವನು ಹಾಗೆಯೇ ಇಳಿಸಿದ.

“ಒಳಗೆ ಇನ್ನೊಬ್ಳು ಹಿಡಿಸ್ತಾಳೆ,” ಎಂದಳು ಅಜ್ಜಿ. “ಹುಡುಗಿ ಬೆಳೆಯೋದು ನಿಲ್ಲಿಸಿ ಎಷ್ಟೋ ಕಾಲ ಆಯ್ತು. ನೀನು ಮಾತ್ರ ಬಟ್ಟೆ ಬಿಡೋದು ಬಿಡ್ಲಿಲ್ಲ.”

ಅಮ್ಮ ಮಂಡಿಯೂರಿ ತೋಳಿನ ತುದಿ ಮಡಚಲು ನೋಡಿದಳು. “ಸ್ವಲ್ಪ ಒಳಗೆ ಹಿಡಿದ್ರೆ ಸರಿಹೋಗುತ್ತೆ. ಫೋಟೋಗೆ ಗೊತ್ತಾಗಲ್ಲ. ಮುಂದಕ್ಕೆ ಬೇಕಾದ್ರೆ ಬಿಚ್ಚಿ...”

“ಮುಂದಕ್ಕೆ ಏನೂ ಇಲ್ಲಮ್ಮ!” ಕಡ್ಡಿಯ ದನಿ ಒಡೆಯಿತು. “ನಾನು ಇಷ್ಟೇ. ಎರಡು ಸಲ ಬರೆದೆ, ಎರಡು ಸಲಾನೂ ಇಷ್ಟೇ ಬಂತು. ತಿಂಗಳೆಲ್ಲ ನಿನ್ನ ಮುನ್ನೂರ ನಲವತ್ತು ಹೊತ್ಕೊಂಡು ಹಿಂದಿನ ಬಾಗಿಲಲ್ಲಿ ಓಡಾಡಿದೀನಿ. ನಿನ್ನ ಮಗಳು ಇಷ್ಟೇ ಅಂತ ಒಪ್ಕೊಳ್ಳಕ್ಕೆ ನಿಂಗ್ಯಾಕೆ ಇಷ್ಟು ಕಷ್ಟ?”

ಅಜ್ಜಿ ಬೀನ್ಸಿನಿಂದ ತಲೆಯೆತ್ತಲಿಲ್ಲ. ಅಮ್ಮ ತೋಳಿನ ತುದಿ ಬಿಟ್ಟಳು. ಇಷ್ಟು ದಿನ ಮಗಳನ್ನು ದೊಡ್ಡವಳನ್ನಾಗಿ ಮಾಡಿ ಹೇಳಿದೆ ಎಂದುಕೊಂಡಿದ್ದಳು. ಹುಡುಗಿಗೆ ಅದು ನೀನು ಸಾಲದು ಎಂದಂತೆ ಕೇಳಿಸಿತ್ತು.

“ಅರ್ಜಿಗೆ ಕಡೇ ದಿನ ಯಾವಾಗ?” ಎಂದು ಕೇಳಿದಳು ಮೆಲ್ಲಗೆ.

“ಶುಕ್ರವಾರ.”

“ಹಾಗಾದ್ರೆ ಇವತ್ತು ಮುಚ್ಚಿಡು. ಕಳಿಸ್ಬೇಡ.”

ಮರುದಿನ ಶಾಲೆ ಬಿಡುವ ಹೊತ್ತಿಗೆ ಅಮ್ಮ ಅಂಗಡಿಗೆ ಬಾಗಿಲೆಳೆದು ಹೊರಟಳು. ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು. ಅದು ಗೊತ್ತಾಗಿದ್ದು ಶಾಲೆಯ ಗೇಟಿನಲ್ಲಿ. ತೆಗೆದು ಸುತ್ತಿ ಮುಷ್ಟಿಯಲ್ಲಿ ಹಿಡಿದುಕೊಂಡಳು. ಶಿಕ್ಷಕರ ಕೋಣೆಯಲ್ಲಿ ಮೇಡಂ ಒಬ್ಬರೇ ಕೂತು ಉತ್ತರ ಪತ್ರಿಕೆ ತಿದ್ದುತ್ತಿದ್ದರು.

“ಬನ್ನಿ ಬನ್ನಿ. ಸ್ಕರ್ಟ್ ಆಯ್ತಾ?”

“ಇಲ್ಲ ಮೇಡಂ. ಒಂದು ತಪ್ಪಾಗಿದೆ. ನಮ್ಮವಳಿಗೆ ಬಂದಿದ್ದು ಮುನ್ನೂರ ನಲವತ್ತಲ್ಲ. ಮೊದಲು ಹನ್ನೆರಡು, ಈಗ ಹದಿನೆಂಟು. ಮುನ್ನೂರ ಹದಿನೆಂಟು. ಅವಳು ಏನೂ ಹೇಳಿಲ್ಲ, ಹೇಳಿದ್ದು ನಾನು.”

ಮೇಡಂ ಪೆನ್ನಿಗೆ ಮುಚ್ಚಳ ಹಾಕಿದರು.

“ತಪ್ಪಿ ಹೇಳಿದ್ರಾ?”

ಹೌದು ಎನ್ನಲು ಎಷ್ಟು ಸುಲಭವಿತ್ತು! ಅಮ್ಮ ಟೇಪನ್ನು ಇನ್ನೂ ಬಿಗಿಯಾಗಿ ಹಿಡಿದಳು.

“ಇಲ್ಲ ಮೇಡಂ. ಬೇಕಂತಲೇ ಹೇಳ್ದೆ. ಡಾಕ್ಟರ ಮಗನ ಹೆಸರು ಎತ್ತಿದ್ರಲ್ಲ, ತಡ್ಕೊಳ್ಳಕ್ಕಾಗ್ಲಿಲ್ಲ.”

“ನಾನು ಇಷ್ಟು ವರ್ಷದಲ್ಲಿ ಅಂಕಪಟ್ಟಿ ನೋಡ್ದೆ ಒಬ್ರಿಗೂ ಪತ್ರ ಬರೆದಿಲ್ಲ,” ಎಂದರು ಮೇಡಂ. ದನಿ ಏರಿಸಲಿಲ್ಲ. “ಇವಳಿಗೆ ಮಾತ್ರ ನೋಡ್ಲಿಲ್ಲ. ಯಾಕೆ ಹೇಳಿ? ನನ್ನ ಸೊಂಟ ಒಂದು ಬೆರಳು ಹೆಚ್ಚಾದ್ರೂ ಮುಖಕ್ಕೆ ಹೊಡೆದ ಹಾಗೆ ಹೇಳೋರು ನೀವು. ನೀವು ಹೇಳಿದ್ಮೇಲೆ ಮುಗೀತು ಅಂದ್ಕೊಂಡೆ.”

ಅಮ್ಮನಿಗೆ ಅಳು ಬಂತು, ಅಳಲಿಲ್ಲ.

“ಕಾಲೇಜಿಗೆ ಇನ್ನೊಂದು ಪತ್ರ ಬರೀತೀನಿ. ತಪ್ಪು ನನ್ನದು, ಹುಡುಗೀದಲ್ಲ ಅಂತ ಬರೀತೀನಿ. ಇನ್ಮೇಲೆ ನನ್ನ ಪತ್ರ ನೋಡಿದ್ರೆ ಅವರು ಎರಡು ಸಲ ಯೋಚಿಸ್ತಾರೆ, ಅದು ಬೇರೆ ಮಾತು.” ಮೇಡಂ ಮತ್ತೆ ಪೆನ್ನು ತೆರೆದರು. “ಆ ಬೂದು ಬಟ್ಟೆ ಕತ್ತರಿಸಿದೀರಾ?”

“ಇನ್ನೂ ಇಲ್ಲ.”

“ಕತ್ತರಿಸ್ಬೇಡಿ. ನಾಳೆ ತಗೊಂಡು ಹೋಗ್ತೀನಿ.”

ಹೇಳಿದಂತೆಯೇ ಬಂದು ತೆಗೆದುಕೊಂಡು ಹೋದರು. ಅಮ್ಮ ಬಟ್ಟೆಯನ್ನು ಮಡಚಿ, ಕವರಿಗೆ ಹಾಕಿ, ಎರಡೂ ಕೈಯಲ್ಲಿ ಕೊಟ್ಟಳು.

ಅವತ್ತು ಅಪ್ಪ ಮತ್ತೆ ಲ್ಯಾಪ್‌ಟಾಪ್ ತಂದ. ಕಡ್ಡಿ ನಲವತ್ತನ್ನು ಅಳಿಸಿ ಹದಿನೆಂಟು ಎಂದು ಒತ್ತಿ, ಯೂನಿಫಾರ್ಮಿನಲ್ಲೇ ತೆಗೆದ ಫೋಟೋ ಹಾಕಿ, ಇನ್ನೊಮ್ಮೆ ಓದಿ, ಕಳಿಸಿದಳು. ಅಮ್ಮ ಕೋಟನ್ನು ಪೂರ್ತಿ ಬಿಚ್ಚಿದಳು. ಮಗಳನ್ನು ನಿಲ್ಲಿಸಿ ಹೊಸದಾಗಿ ಅಳತೆ ತೆಗೆದಳು, ಒಳಗೆ ಬಿಟ್ಟಿದ್ದ ಬಟ್ಟೆಯನ್ನೆಲ್ಲ ಕತ್ತರಿಸಿ ಹಾಕಿದಳು. ಕಪ್ಪು ಚೂರುಗಳು ನೆಲದ ಮೇಲೆ ಬಿದ್ದವು.

“ಅಯ್ಯೋ, ಒಳ್ಳೇ ಬಟ್ಟೆ!” ಎಂದು ಅಜ್ಜಿ ಅವನ್ನೆಲ್ಲ ಆರಿಸಿ ಇಟ್ಟುಕೊಂಡಳು. ಆ ವಾರವೇ ಬಿಸಿ ಪಾತ್ರೆ ಹಿಡಿಯುವ ಬಟ್ಟೆಗಳಾದವು.

ಕಾಲೇಜಿನಿಂದ ಸಂದರ್ಶನಕ್ಕೆ ಕರೆ ಬಂತು. ಅರ್ಜಿಯ ಜೊತೆ ಅವಳು ಕಳಿಸಿದ್ದ ನಕ್ಷೆಗಳು ಅವರಿಗೆ ಹಿಡಿಸಿದ್ದವು. ಕಡ್ಡಿ ಕೋಟು ಹಾಕಿಕೊಂಡು ಹೋಗಿ ಬಂದಳು. ಅಪ್ಪ ವ್ಯಾನಿನಲ್ಲೇ ಕರೆದುಕೊಂಡು ಹೋಗಿದ್ದರಿಂದ ಇಬ್ಬರ ಮೈಯೂ ಬ್ರೆಡ್ಡಿನ ವಾಸನೆ ಹೊಡೆಯುತ್ತಿತ್ತು.

“ಮೇಡಂ ಎರಡು ಪತ್ರ ಯಾಕೆ ಬರೆದ್ರು ಅಂತ ಕೇಳಿದ್ರು,” ಎಂದಳು ಊಟಕ್ಕೆ ಕೂತಾಗ.

ಅಮ್ಮನ ಕೈಯಲ್ಲಿದ್ದ ಸೌಟು ನಿಂತಿತು. “ನೀನೇನಂದೆ?”

“ನಮ್ಮಮ್ಮ ಮಕ್ಕಳ ಬಟ್ಟೆ ಹೊಲೀತಾರೆ, ಎಲ್ಲದಕ್ಕೂ ಮಾರ್ಜಿನ್ ಬಿಡ್ತಾರೆ, ನನ್ನ ಅಂಕಕ್ಕೂ ಬಿಟ್ಟಿದ್ರು, ಆಮೇಲೆ ಅವರೇ ಹೋಗಿ ಕತ್ತರಿಸಿ ಬಂದ್ರು ಅಂದೆ.”

“ಥೂ! ಅಷ್ಟೂ ಹೇಳಿದ್ಯಾ?”

“ನಕ್ಕರಮ್ಮ. ಕನ್ನಡಕದೋರೊಬ್ರು ಮಾತ್ರ ನಗ್ಲಿಲ್ಲ.”

ಕನ್ನಡಕದವರ ಮಾತೇ ನಡೆಯಿತೋ, ಅಂಕವೇ ಸಾಲಲಿಲ್ಲವೋ, ಯಾರು ಬಲ್ಲರು. ಕಡ್ಡಿಗೆ ಸಿಕ್ಕಿದ್ದು ಕಾಯುವ ಪಟ್ಟಿಯಲ್ಲಿ ಏಳನೇ ಜಾಗ. ಮನೆಯವರೆಲ್ಲ ಎರಡು ವಾರ ಫೋನ್ ಸದ್ದಾದಾಗಲೆಲ್ಲ ಬೆಚ್ಚಿಬಿದ್ದರು. ಪಟ್ಟಿ ಐದನೆಯವರ ತನಕ ಬಂದು ಮುಚ್ಚಿತು. ಡಾಕ್ಟರ ಮಗನಿಗೆ ಸಿಕ್ಕಿತ್ತು.

“ನಾನು ಹೇಳ್ಲಿಲ್ವಾ?” ಎಂದಳು ಅಜ್ಜಿ. “ಮೂರು ಅಂಕಿ ಒತ್ತಿದ್ರೆ ಇವತ್ತು ಪೆಟ್ಟಿಗೆ ಕಟ್ತಿದ್ವಿ.”

ಅದು ಸುಳ್ಳೆಂದು ಹೇಳಲು ಯಾರಿಂದಲೂ ಆಗಲಿಲ್ಲ. ಕಡ್ಡಿ ಕೋಣೆಗೆ ಹೋಗಿ ಚೆನ್ನಾಗಿ ಅತ್ತಳು. ಅಮ್ಮ ಬಾಗಿಲಲ್ಲಿ ನಿಂತಳು.

“ನನ್ನಿಂದ ಹೋಯ್ತು ಅಲ್ವಾ?”

“ಗೊತ್ತಿಲ್ಲಮ್ಮ.” ಕಡ್ಡಿ ಮೂಗು ಒರೆಸಿಕೊಂಡಳು. “ಸಿಕ್ಕಿದ್ರೂ ಆ ಇಪ್ಪತ್ತೆರಡು ಅಂಕ ಹಾಸ್ಟೆಲಲ್ಲಿ ನನ್ನ ಪಕ್ಕದ ಮಂಚದಲ್ಲೇ ಮಲಗಿರೋವು. ನಂಗೆ ನಿದ್ದೆ ಬರ್ತಿರ್ಲಿಲ್ಲ. ಈಗ ಹೋಗು, ಇನ್ನೊಂದು ಸ್ವಲ್ಪ ಅಳೋದಿದೆ.”

ಊರಿನ ಇನ್ನೊಂದು ತುದಿಯ ಸಣ್ಣ ಕಾಲೇಜಿನಲ್ಲಿ ಅದೇ ಓದಿಗೆ ಮುನ್ನೂರ ಹದಿನೆಂಟು ಸಾಕಾಗಿತ್ತು. ಗೋಡೆಯ ಸುಣ್ಣ ಎದ್ದಿದೆ, ಮೆಟ್ಟಿಲು ಒಂದಕ್ಕಿಂತ ಒಂದು ಎತ್ತರ, ನಕ್ಷೆ ಬರೆದವನು ಯಾರೋ ಎಂದು ಕಡ್ಡಿ ಮೊದಲ ದಿನವೇ ಬೈದುಕೊಂಡು ಬಂದಳು. ಬೆಳಿಗ್ಗೆ ಅಪ್ಪನ ವ್ಯಾನಿನಲ್ಲಿ ಹೋಗಿ ಸಂಜೆ ಬಸ್ಸಿನಲ್ಲಿ ಬರುತ್ತಿದ್ದಳು, ಮುಂದಿನ ಬಾಗಿಲಿನಿಂದಲೇ.

ಒಂದು ಸಂಜೆ ಅಂಗಡಿಯಲ್ಲಿ ಗಿರಾಕಿಗಳಿದ್ದರು. ಒಬ್ಬಳು ತಾಯಿ, ಅವಳ ಇಬ್ಬರು ಮಕ್ಕಳು, ಜಿಪ್ ಹಾಕಿಸಲು ಬಂದ ಪಕ್ಕದ ಬೀದಿಯವಳು. ಅಮ್ಮ ಬಾಯಲ್ಲಿ ಗುಂಡುಸೂಜಿ ಹಿಡಿದು ಮಗುವೊಂದರ ಲಂಗದ ಅಂಚು ಮಡಚುತ್ತಿದ್ದಾಗ ಬಾಗಿಲಲ್ಲಿ ಮೇಡಂ ನಿಂತಿದ್ದರು. ಕೈಯಲ್ಲಿ ಅದೇ ಕವರು.

“ನಿಮ್ಮ ಮಗಳಿಗೆ ಎಷ್ಟು ಬಂತು?” ಎಂದು ಕೇಳಿದರು, ಎಲ್ಲರಿಗೂ ಕೇಳುವ ಹಾಗೆ.

ಜಿಪ್ಪಿನವಳು ತಿರುಗಿ ನೋಡಿದಳು. ಅಮ್ಮ ಗುಂಡುಸೂಜಿಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ದಿಂಬಿಗೆ ಚುಚ್ಚಿದಳು.

“ಮುನ್ನೂರ ಹದಿನೆಂಟು ಮೇಡಂ. ದೊಡ್ಡ ಕಾಲೇಜಲ್ಲಿ ಸಿಗ್ಲಿಲ್ಲ. ಕಾಯೋ ಪಟ್ಟೀಲಿ ಏಳನೆಯವಳಾಗಿದ್ಲು.”

“ಆರು ಅಂದಿದ್ರೆ ಏನ್ ಗಂಟು ಹೋಗ್ತಿತ್ತು?” ಎಂದು ಒಳಗಿನಿಂದ ಅಜ್ಜಿಯ ಗೊಣಗು ಕೇಳಿಸಿತು.

ಮೇಡಂ ಕವರನ್ನು ಮೇಜಿನ ಮೇಲಿಟ್ಟರು. ಬೂದು ಬಟ್ಟೆ ಅಮ್ಮ ಮಡಚಿದ ಮಡಿಕೆಯಲ್ಲೇ ಇತ್ತು. ಯಾರ ಕತ್ತರಿಯೂ ತಾಗಿರಲಿಲ್ಲ. ಅವರು ಚೀಲ ಕೆಳಗಿಟ್ಟು ಕನ್ನಡಿಯ ಮುಂದೆ ಹೋಗಿ ಎರಡೂ ಕೈ ಎತ್ತಿ ನಿಂತರು.

ಅಮ್ಮನ ಕಣ್ಣು ತುಂಬಿ ಬಂತು. ಅವರ ಸೊಂಟಕ್ಕೆ ಟೇಪು ಸುತ್ತಿ, ಬಗ್ಗಿ, ಎರಡು ಸಲ ನೋಡಿದಳು.

“ಸೊಂಟ ಎರಡು ಬೆರಳು ಜಾಸ್ತಿಯಾಗಿದೆ ಮೇಡಂ.”

“ಮೆಲ್ಲಗೆ ಹೇಳ್ರೀ,” ಎಂದರು ಮೇಡಂ.